ಕ್ಲಿಪ್ ತೆಗೆಯುವಾಗ ದಂತಕವಚದ ರಕ್ಷಣೆ

ಹಲ್ಲಿನ ಹೊರಮೈಯನ್ನು ಆವರಿಸಿರುವ ಎನಾಮಲ್ ಎಂಬ ದಂತಕವಚವು ಮಾನವ ದೇಹದ ಅತ್ಯಂತ ಗಟ್ಟಿಯಾದ ಪದಾರ್ಥವಾಗಿದ್ದು, ಅದರ ತೂಕದ ಸುಮಾರು ಶೇ. 96ರಷ್ಟು ಖನಿಜವೇ ಆಗಿದೆ. ಆದರೆ ಅದನ್ನು ರಚಿಸುವ ಜೀವಕೋಶಗಳು ಹಲ್ಲು ಮೂಡುವ ವೇಳೆಗೆ ನಶಿಸಿಹೋಗುವುದರಿಂದ, ಒಮ್ಮೆ ಸವೆದ ಕವಚ ಮತ್ತೆ ಬೆಳೆಯುವುದಿಲ್ಲ. ವಕ್ರದಂತಗಳನ್ನು ಸರಿಪಡಿಸಲು ಹಾಕಿದ ಕ್ಲಿಪ್ಪನ್ನು ತೆಗೆಯುವಾಗ ವಿಶೇಷ ಎಚ್ಚರ ಬೇಕಾಗುವುದು ಇದೇ ಕಾರಣದಿಂದ.

ಆಮ್ಲ ಸವರಿದ ಕವಚಕ್ಕೆ ರಾಳದ ಅಂಟು ಬಿಗಿಯಾಗಿ ಹಿಡಿಯುತ್ತದೆಂಬುದನ್ನು 1955ರಲ್ಲಿ ಅಮೆರಿಕದ ಮೈಕೆಲ್ ಬ್ಯುನೊಕೋರ್ ತೋರಿಸಿಕೊಟ್ಟರು. ಇಂದು ಸಾಮಾನ್ಯವಾಗಿ ಶೇ. 37ರ ಫಾಸ್ಫಾರಿಕ್ ಆಮ್ಲದಿಂದ ಕವಚದಲ್ಲಿ ಸೂಕ್ಷ್ಮ ರಂಧ್ರಗಳನ್ನು ಮೂಡಿಸಿ, ಅವುಗಳೊಳಗೆ ಇಳಿದು ಗಟ್ಟಿಯಾಗುವ ಅಂಟಿನ ಮೂಲಕ ತಂತಿಯನ್ನು ಹಿಡಿದಿಡುವ ಬ್ರ್ಯಾಕೆಟ್ ಎಂಬ ಪುಟ್ಟ ಬಿಲ್ಲೆಗಳನ್ನು ಕೂರಿಸಲಾಗುತ್ತದೆ.

ತೆಗೆಯುವಾಗ ತಜ್ಞರು ಬಿಲ್ಲೆಯನ್ನು ಎಳೆಯದೆ, ಅದಕ್ಕೆಂದೇ ಇರುವ ಇಕ್ಕಳದಿಂದ ಅದರ ಬುಡವನ್ನು ಒತ್ತಿ ಬಿಡಿಸುತ್ತಾರೆ. ಆಗ ಅಂಟಿನ ಬಹುಪಾಲು ಹಲ್ಲಿನ ಮೇಲೆಯೇ ಉಳಿದರೆ, ಅದು ಕೆಲಸದ ಲೋಪವಲ್ಲ, ಬಿರುಕು ಕವಚದೊಳಗೆ ಹೋಗದೆ ಬಿಲ್ಲೆ ಮತ್ತು ಅಂಟಿನ ನಡುವೆಯೇ ಬಿಟ್ಟಿತೆಂಬುದರ ಸೂಚನೆ. ಲೋಹದ ಬಿಲ್ಲೆ ಒತ್ತಿದರೆ ಬಾಗುತ್ತದೆ. ಹಲ್ಲಿನ ಬಣ್ಣದ ಸೆರಾಮಿಕ್ ಬಿಲ್ಲೆ ಬಾಗುವುದಿಲ್ಲವಾದ್ದರಿಂದ ಕವಚ ಸೀಳುವ ಅಪಾಯ ಅದರಲ್ಲಿ ಹೆಚ್ಚು.

ಉಳಿದ ಅಂಟನ್ನು ಬಿಡಿಸುವ ಹಂತವೇ ನಿಜಕ್ಕೂ ನಾಜೂಕಿನದು. ಅಂಟಿನ ಬಣ್ಣವೂ ಹಲ್ಲಿನದನ್ನೇ ಹೋಲುವುದರಿಂದ, ಹಲ್ಲನ್ನು ಗಾಳಿಯಿಂದ ಒಣಗಿಸಿ ಗಡಿಯನ್ನು ಗುರುತಿಸಿಕೊಂಡು, ಟಂಗ್‌ಸ್ಟನ್ ಕಾರ್ಬೈಡ್ ಬರ್ ಎಂಬ ತಿರುಗುವ ಉಪಕರಣವನ್ನು ಕಡಿಮೆ ವೇಗದಲ್ಲಿ ಹಗುರವಾಗಿ ಆಡಿಸಬೇಕಾಗುತ್ತದೆ. ವಜ್ರದ ಹರಳುಗಳುಳ್ಳ ಬರ್ ಆಳವಾದ ಗೀರುಗಳನ್ನು ಉಳಿಸುವುದರಿಂದ ಅದು ಈ ಕೆಲಸಕ್ಕೆ ಸಲ್ಲದು. ಕೊನೆಯಲ್ಲಿ ನಯವಾದ ಡಿಸ್ಕ್ ಅಥವಾ ಪ್ಯೂಮಿಸ್ ಪುಡಿಯಿಂದ ಹೊಳಪು ಕೊಡಲಾಗುತ್ತದೆ.

ಬಿಲ್ಲೆಗಳ ಸುತ್ತ ಪಾಚಿ ಕಟ್ಟಿ ಖನಿಜ ಕರಗಿದ್ದಲ್ಲಿ ಬಿಳಿ ಕಲೆಗಳು ಕಾಣಿಸುತ್ತವೆ. ಅವನ್ನು ಉಜ್ಜಿ ತೆಗೆಯಲು ಹೊರಡುವುದು ಉಳಿದ ಕವಚಕ್ಕೂ ಹಾನಿಕರವಾಗಿದ್ದು, ಫ್ಲೋರೈಡ್ ಪೇಸ್ಟ್ ಬಳಸಿ ಕೆಲವು ತಿಂಗಳು ಕಾದರೆ ಎಂಜಲಿನ ಖನಿಜಗಳಿಂದ ಅವು ಬಹುಮಟ್ಟಿಗೆ ಮಸುಕಾಗಬಹುದು. 1913ರಲ್ಲಿ ಬಿ.ವಿ. ಪಂಡಿತ್ ಅವರು ಸದ್ವೈದ್ಯಶಾಲೆಯನ್ನು ಸ್ಥಾಪಿಸಿದಂದಿನಿಂದ ನಂಜನಗೂಡಿನ ಹೆಸರು ಹಲ್ಲುಪುಡಿಯೊಡನೆ ಬೆಸೆದುಕೊಂಡಿದ್ದು, ಪುಡಿಯಿಂದ ಹಲ್ಲುಜ್ಜುವ ರೂಢಿ ಈ ಸೀಮೆಗೆ ಹೊಸದಲ್ಲ. ಆದರೂ ಕ್ಲಿಪ್ ತೆಗೆಸಿದ ಹೊಸತರಲ್ಲಿ ಇದ್ದಿಲು, ಉಪ್ಪು, ಬೂದಿಯಂಥ ತರಿಯಾದ ಯಾವ ಪುಡಿಯನ್ನೂ ಬಳಸದೆ, ಮೃದುವಾದ ಬ್ರಷ್ ಮತ್ತು ಫ್ಲೋರೈಡ್ ಪೇಸ್ಟ್ ಬಳಸುವುದೇ ಕ್ಷೇಮ.

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಿಗೆ ಸಮೀಪದ ಮೈಸೂರಿನಲ್ಲಿ, 1986ರಲ್ಲಿ ಆರಂಭವಾದ ಜೆಎಸ್‌ಎಸ್ ದಂತ ವೈದ್ಯಕೀಯ ಕಾಲೇಜು ಸೇರಿದಂತೆ ಹಲವೆಡೆ ವಕ್ರದಂತ ತಜ್ಞರು ಲಭ್ಯರಿದ್ದಾರೆ. ಕ್ಲಿಪ್ ಸಡಿಲವಾಯಿತೆಂದು ಮನೆಯಲ್ಲಿಯೇ ಕೀಳುವುದಾಗಲಿ, ದೂರವೆಂದು ಕೊನೆಯ ಭೇಟಿಯನ್ನು ತಪ್ಪಿಸುವುದಾಗಲಿ ತರವಲ್ಲ. ಹಲ್ಲಿನಲ್ಲಿ ಬಿರುಕು ಅಥವಾ ದೊಡ್ಡ ಫಿಲ್ಲಿಂಗ್ ಇದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ, ಅಂಟು ಪೂರ್ತಿ ಹೋಗಿದೆಯೇ ಎಂದು ಕೇಳಿ ಖಚಿತಪಡಿಸಿಕೊಂಡೇ ಕುರ್ಚಿಯಿಂದ ಏಳಬೇಕು.