ಅಡ್ರಿನಲೆಕ್ಟಮಿ

ಅಡ್ರಿನಲೆಕ್ಟಮಿ ಎಂದರೆ ಅಡ್ರಿನಲ್ ಗ್ರಂಥಿಗಳಲ್ಲಿ ಒಂದನ್ನು ಅಥವಾ ಎರಡನ್ನೂ ಶಸ್ತ್ರಚಿಕಿತ್ಸೆಯ ಮೂಲಕ ತೆಗೆದುಹಾಕುವುದು. ದೇಹದಲ್ಲಿ ಕಾರ್ಟಿಸಾಲ್ ಹಾರ್ಮೋನು ಮಿತಿಮೀರುವ ಕುಶಿಂಗ್ ಸಿಂಡ್ರೋಮ್‌ನ ಚಿಕಿತ್ಸೆಗಳಲ್ಲಿ ಇದೂ ಒಂದು. ಎರಡೂ ಗ್ರಂಥಿಗಳನ್ನು ತೆಗೆದರೆ ಕಾರ್ಟಿಸಾಲ್‌ನ ಅತಿರೇಕ ಕೂಡಲೇ ನಿಲ್ಲುತ್ತದೆ. ಆದರೆ ಅಂದಿನಿಂದ ರೋಗಿಯು ಅದೇ ಹಾರ್ಮೋನನ್ನು ಜೀವನಪರ್ಯಂತ ಮಾತ್ರೆಯ ರೂಪದಲ್ಲಿ ಸೇವಿಸಬೇಕಾಗುತ್ತದೆ.

ಗ್ರಂಥಿ ಮತ್ತು ಕಾಯಿಲೆ

ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಈ ಗ್ರಂಥಿಗಳು ಒಂದೊಂದೂ ಸುಮಾರು 4–5 ಗ್ರಾಂ ತೂಗುತ್ತವೆ. ‘ಅಡ್ರಿನಲ್’ ಎಂಬ ಹೆಸರಿಗೆ ಮೂತ್ರಪಿಂಡದ ಬಳಿಯಿರುವುದು ಎಂದಷ್ಟೇ ಅರ್ಥ. ಅದು ನೆರೆಯನ್ನು ಹೇಳುತ್ತದೆಯೇ ಹೊರತು ಕೆಲಸವನ್ನಲ್ಲ. ಇವುಗಳ ಹೊರಪದರವು ಕಾರ್ಟಿಸಾಲ್ ಮತ್ತು ಅಲ್ಡೋಸ್ಟಿರಾನ್ ಹಾರ್ಮೋನುಗಳನ್ನೂ ಒಳಭಾಗವು ಅಡ್ರಿನಲಿನ್ ಅನ್ನೂ ಉತ್ಪಾದಿಸುತ್ತವೆ. ಕಾರ್ಟಿಸಾಲ್ ದೀರ್ಘಕಾಲ ಹೆಚ್ಚಾಗಿದ್ದರೆ ಮುಖ ದುಂಡಗಾಗುತ್ತದೆ, ಹೊಟ್ಟೆಯಲ್ಲಿ ಬೊಜ್ಜು ಸೇರಿ ಕೈಕಾಲುಗಳು ಸೊರಗುತ್ತವೆ, ಚರ್ಮದಲ್ಲಿ ನೇರಳೆ ಬಣ್ಣದ ಗೆರೆಗಳು ಮೂಡುತ್ತವೆ. ಮಧುಮೇಹ, ಅಧಿಕ ರಕ್ತದೊತ್ತಡ, ಮೂಳೆಸವೆತ ಹಾಗೂ ಸೋಂಕುಗಳು ಜೊತೆಗೂಡಿ ಪ್ರಾಣಾಪಾಯ ಉಂಟಾಗಬಹುದು. ಅಮೆರಿಕದ ನರಶಸ್ತ್ರವೈದ್ಯ ಹಾರ್ವೆ ಕುಶಿಂಗ್ 1932ರಲ್ಲಿ ಈ ಲಕ್ಷಣಗಳಿಗೂ ಪಿಟ್ಯುಟರಿ ಗ್ರಂಥಿಯ ಗಡ್ಡೆಗೂ ಇರುವ ಸಂಬಂಧವನ್ನು ವಿವರಿಸಿದನು.

ಯಾರಿಗೆ ಅಗತ್ಯ

ಸ್ಟಿರಾಯ್ಡ್ ಔಷಧಗಳ ದೀರ್ಘ ಸೇವನೆಯಿಂದ ಬಂದ ಕಾಯಿಲೆಗೆ ಈ ಶಸ್ತ್ರಚಿಕಿತ್ಸೆ ಸಲ್ಲದು. ಒಂದು ಅಡ್ರಿನಲ್‌ನಲ್ಲಿ ಮಾತ್ರ ಗಡ್ಡೆಯಿದ್ದರೆ ಅದೊಂದನ್ನೇ ತೆಗೆಯುತ್ತಾರೆ. ಅಷ್ಟು ದಿನ ಸುಪ್ತವಾಗಿದ್ದ ಇನ್ನೊಂದು ಗ್ರಂಥಿ ಎಚ್ಚತ್ತುಕೊಳ್ಳಲು ತಿಂಗಳುಗಳೇ ಹಿಡಿಯಬಹುದು; ಅಲ್ಲಿಯವರೆಗೆ ಮಾತ್ರೆ ಅಗತ್ಯ. ದೋಷ ಪಿಟ್ಯುಟರಿಯಲ್ಲಿದ್ದರೆ ಮೂಗಿನ ಮೂಲಕ ಅಲ್ಲಿನ ಗಡ್ಡೆಯನ್ನು ತೆಗೆಯುವುದೇ ಮೊದಲ ಆಯ್ಕೆ. ಅದು ಫಲಿಸದಿದ್ದಾಗ, ಅಥವಾ ಅಡ್ರಿನಲ್‌ಗಳನ್ನು ಪ್ರಚೋದಿಸುವ ಎಸಿಟಿಎಚ್ ಹಾರ್ಮೋನು ದೇಹದ ಬೇರೆಲ್ಲಿಂದಲೋ ಸ್ರವಿಸುತ್ತಿದ್ದು ಅದರ ಮೂಲ ಸಿಗದಿದ್ದಾಗ, ಎರಡೂ ಗ್ರಂಥಿಗಳನ್ನು ತೆಗೆಯುವ ನಿರ್ಧಾರಕ್ಕೆ ಬರುತ್ತಾರೆ.

ಇತಿಹಾಸ ಮತ್ತು ವಿಧಾನ

ಅಡ್ರಿನಲ್‌ಗಳು ಹಾಳಾದರೆ ಉಂಟಾಗುವ ಮಾರಕ ಕಾಯಿಲೆಯನ್ನು ಇಂಗ್ಲೆಂಡಿನ ಥಾಮಸ್ ಆಡಿಸನ್ 1855ರಲ್ಲಿ ವರ್ಣಿಸಿದ್ದನು. ಮರುವರ್ಷ ಬ್ರೌನ್-ಸೆಕಾರ್ ಪ್ರಾಣಿಗಳಿಂದ ಈ ಗ್ರಂಥಿಗಳನ್ನು ತೆಗೆದಾಗ ಅವು ಬದುಕುಳಿಯಲಿಲ್ಲ. ಹೀಗಾಗಿ ಎರಡನ್ನೂ ತೆಗೆಯುವ ಮಾರ್ಗ ಬಹುಕಾಲ ಮುಚ್ಚಿಯೇ ಇತ್ತು. ಅದನ್ನು ತೆರೆದದ್ದು ಶಸ್ತ್ರವಿದ್ಯೆಯ ಕೌಶಲಕ್ಕಿಂತ ಹೆಚ್ಚಾಗಿ ಕಾರ್ಟಿಸೋನ್ ಎಂಬ ಔಷಧ. ಅಡ್ರಿನಲ್ ಹಾರ್ಮೋನುಗಳ ಸಂಶೋಧನೆಗಾಗಿ ಕೆಂಡಾಲ್, ಹೆಂಚ್ ಮತ್ತು ರೈಕ್‌ಸ್ಟೈನ್ ಅವರಿಗೆ 1950ರ ನೊಬೆಲ್ ಪ್ರಶಸ್ತಿ ದೊರೆಯಿತು.

1992ರಲ್ಲಿ ಕೆನಡಾದ ಮಿಶೆಲ್ ಗ್ಯಾಗ್ನೆ ಮತ್ತು ಸಂಗಡಿಗರು ಲ್ಯಾಪರೋಸ್ಕೋಪಿಕ್ ವಿಧಾನವನ್ನು ವರದಿ ಮಾಡಿದರು. ಈಗ ಹೊಟ್ಟೆಯ ಅಥವಾ ಬೆನ್ನಿನ ಕಡೆಯಿಂದ ಸಣ್ಣ ರಂಧ್ರಗಳ ಮೂಲಕವೇ ಬಹುತೇಕ ಗ್ರಂಥಿಗಳನ್ನು ತೆಗೆಯಲಾಗುತ್ತದೆ. ಬಲಗಡೆಯ ಅಡ್ರಿನಲ್ ಅಭಿಧಮನಿ ಗಿಡ್ಡವಾಗಿದ್ದು ನೇರವಾಗಿ ಮಹಾಭಿಧಮನಿಯನ್ನು ಸೇರುವುದರಿಂದ ಅಲ್ಲಿ ವಿಶೇಷ ಎಚ್ಚರ ಬೇಕು.

ಅನಂತರದ ಜೀವನ

ಎರಡೂ ಗ್ರಂಥಿಗಳಿಲ್ಲದವರು ಪ್ರತಿದಿನ ಸಾಮಾನ್ಯವಾಗಿ 15–25 ಮಿಲಿಗ್ರಾಂ ಹೈಡ್ರೋಕಾರ್ಟಿಸೋನನ್ನು ಎರಡು ಮೂರು ಭಾಗಗಳಾಗಿ ಸೇವಿಸುತ್ತಾರೆ. ಉಪ್ಪಿನ ಸಮತೋಲಕ್ಕಾಗಿ ಫ್ಲೂಡ್ರೋಕಾರ್ಟಿಸೋನ್ ಕೂಡ ಬೇಕು. ಅಡ್ರಿನಲಿನ್‌ಗೆ ಬದಲಿ ಔಷಧ ಕೊಡುವುದಿಲ್ಲ. ನರಮಂಡಲವು ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಆರೋಗ್ಯವಂತರಲ್ಲಿ ಜ್ವರ ಬಂದಾಗ ಕಾರ್ಟಿಸಾಲ್ ತಾನಾಗಿಯೇ ಏರುತ್ತದೆ. ಇವರು ಆ ಏರಿಕೆಯನ್ನು ಮಾತ್ರೆಯಿಂದಲೇ ಮಾಡಿಕೊಳ್ಳಬೇಕು. ಆದ್ದರಿಂದ ಜ್ವರದಲ್ಲಿ ವೈದ್ಯರು ತಿಳಿಸಿದಂತೆ ಪ್ರಮಾಣವನ್ನು ಎರಡು ಅಥವಾ ಮೂರು ಪಟ್ಟು ಮಾಡುತ್ತಾರೆ. ಮಾತ್ರೆ ನಿಲ್ಲದಷ್ಟು ವಾಂತಿಯಾದರೆ ತಡಮಾಡದೆ ಹೈಡ್ರೋಕಾರ್ಟಿಸೋನ್ ಚುಚ್ಚುಮದ್ದು ಕೊಡಬೇಕು. ವಯಸ್ಕರಿಗೆ ಅದರ ಪ್ರಮಾಣ 100 ಮಿಲಿಗ್ರಾಂ. ಇಲ್ಲವಾದರೆ ರಕ್ತದೊತ್ತಡ ಕುಸಿದು ಸಾವು ಸಂಭವಿಸಬಹುದು. ಗುಣವಾಗಿದೆಯೆಂದು ಮಾತ್ರೆ ನಿಲ್ಲಿಸುವುದೂ ಅಷ್ಟೇ ಅಪಾಯಕರ. ಪ್ರಜ್ಞೆ ತಪ್ಪಿದವರು ತಮ್ಮ ಸ್ಥಿತಿಯನ್ನು ತಾವೇ ಹೇಳಲಾರರು. ಆದಕಾರಣ ಸದಾ ಬಳಿಯಲ್ಲಿರುವ ಗುರುತಿನ ಚೀಟಿ ಮತ್ತು ಚುಚ್ಚುಮದ್ದಿನ ವಿಷಯ ತಿಳಿದ ಮನೆಯವರು, ಇವೆರಡೂ ಚಿಕಿತ್ಸೆಯ ಭಾಗವೇ ಆಗಿವೆ.

ಪಿಟ್ಯುಟರಿ ಗಡ್ಡೆಯಿದ್ದವರಲ್ಲಿ ಕಾರ್ಟಿಸಾಲ್‌ನ ಕಡಿವಾಣ ತಪ್ಪಿ ಆ ಗಡ್ಡೆ ಬೆಳೆಯುವುದುಂಟು. 1958ರಲ್ಲಿ ವರದಿಯಾದ ಈ ಸ್ಥಿತಿಗೆ ನೆಲ್ಸನ್ ಸಿಂಡ್ರೋಮ್ ಎಂದು ಹೆಸರು. ಚರ್ಮ ಕಪ್ಪಾಗುವುದು ಇದರ ಮುಖ್ಯ ಸೂಚನೆ. ಇಂಥವರಿಗೆ ಎಸಿಟಿಎಚ್ ರಕ್ತಪರೀಕ್ಷೆ ಮತ್ತು ಎಂಆರ್‌ಐ ತಪಾಸಣೆಗಳನ್ನು ಹಲವು ವರ್ಷಗಳ ಕಾಲ ನಡೆಸಲಾಗುತ್ತದೆ.