ಕೊರಕಲು ಬಿದ್ದ ಇಳಿಜಾರು ರಸ್ತೆ: ದುರಸ್ತಿ ಯಾರ ಹೊಣೆ?

ಬೆಂಗಳೂರು: ನಗರದ ಉತ್ತರ ಭಾಗದ ಶೆಟ್ಟಿಹಳ್ಳಿಯಂತಹ ಬಡಾವಣೆಗಳಲ್ಲಿ ಮಳೆಗಾಲ ಬಂತೆಂದರೆ ನೆರೆಹೊರೆಯವರ ನಡುವೆ ಹಳೆಯ ವ್ಯಾಜ್ಯವೊಂದು ಮತ್ತೆ ತಲೆಯೆತ್ತುತ್ತದೆ. ಎಂಟು ಹತ್ತು ಮನೆಗಳಿಗೆ ಇರುವುದೊಂದೇ ದಾರಿ. ಅದೂ ಕಡಿದಾದ ಇಳಿಜಾರು. ಮಣ್ಣು ಕೊಚ್ಚಿಹೋಗಿ ನಡುವೆ ಕೊರಕಲು ಬಿದ್ದಿದೆ. ನೀರಿನ ಟ್ಯಾಂಕರ್ ಏರುವುದಿಲ್ಲ, ಸಿಲಿಂಡರ್ ತರುವವನು ಕೆಳಗೇ ಇಳಿಸಿ ಹೋಗುತ್ತಾನೆ, ಆಂಬುಲೆನ್ಸ್ ಬಂದರೆ ರೋಗಿಯನ್ನು ಹೊತ್ತು ತರಬೇಕು. ಸ್ಥಳೀಯ ಆಡಳಿತವನ್ನು ಕೇಳಿದರೆ ‘ಇದು ಖಾಸಗಿ ರಸ್ತೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಗೊಂದಲಕ್ಕೆ ಇತಿಹಾಸವಿದೆ. 2007ರಲ್ಲಿ ದಾಸರಹಳ್ಳಿ ಸೇರಿದಂತೆ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ 110 ಹಳ್ಳಿಗಳನ್ನು ಕೂಡಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಶೆಟ್ಟಿಹಳ್ಳಿ ಅದರ 12ನೇ ವಾರ್ಡ್ ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯೇ ಹೋಗಿ ಐದು ಪಾಲಿಕೆಗಳು ಬಂದವು. ಆದರೆ ಅದಕ್ಕೂ ಬಹಳ ಮೊದಲೇ ಹೊಲಗಳನ್ನು ನಿವೇಶನಗಳಾಗಿ ತುಂಡರಿಸಿ ಮಾರಿದವರು ರಸ್ತೆಯನ್ನು ಯಾರಿಗೂ ಬರೆದುಕೊಡದೆ ಹೋದದ್ದುಂಟು. ಕ್ರಯಪತ್ರದ ಚಕ್ಕುಬಂದಿಯಲ್ಲಿ ‘ಪೂರ್ವಕ್ಕೆ ರಸ್ತೆ’ ಎಂದಿರುತ್ತದೆ; ಪಹಣಿಯಲ್ಲಿ ಮಾತ್ರ ಆ ನೆಲ ಇಂದಿಗೂ ಮೂಲ ಜಮೀನುದಾರನ ಹೆಸರಿನಲ್ಲೇ ಉಳಿದಿರಬಹುದು. ಆದಕಾರಣ ಹಣ ಕೂಡಿಸುವ ಮುನ್ನ ಎಲ್ಲ ಮನೆಯವರ ಕ್ರಯಪತ್ರಗಳನ್ನೂ, ಪಾಲಿಕೆಯ ರಸ್ತೆ ದಾಖಲೆಯನ್ನೂ ಪರಿಶೀಲಿಸುವುದು ಒಳಿತು. ರಸ್ತೆ ದಾಖಲೆಯಲ್ಲಿದ್ದರೆ ಹೊಣೆ ಪಾಲಿಕೆಯದು, ಮನವಿ ಅಲ್ಲಿಗೇ ಹೋಗಬೇಕು.

ದಾಖಲೆಯಲ್ಲಿ ಇಲ್ಲದಿದ್ದರೆ? ಮತ್ತೊಬ್ಬರ ನೆಲದ ಮೇಲೆ ಹಾದುಹೋಗುವ ಹಕ್ಕನ್ನು ಕಾನೂನು ಈಸ್‌ಮೆಂಟ್ ಎನ್ನುತ್ತದೆ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ 25ನೇ ಕಲಮಿನ ಪ್ರಕಾರ ದುರಸ್ತಿಯ ವೆಚ್ಚ ದಾರಿಯ ಪ್ರಯೋಜನ ಪಡೆಯುವವನದು. ನೆಲದ ಒಡೆಯ ದಾರಿಗೆ ಅಡ್ಡಿ ಮಾಡುವಂತಿಲ್ಲ, ಆದರೆ ಅದನ್ನು ಸರಿಪಡಿಸಿಕೊಡಲು ಬಾಧ್ಯನೂ ಅಲ್ಲ ಎಂದು 27ನೇ ಕಲಮು ಹೇಳುತ್ತದೆ. ಅಂದರೆ ಮೂಲ ಜಮೀನುದಾರ ಬಂದು ರಿಪೇರಿ ಮಾಡಿಸಲಿ ಎಂದು ಕಾದು ಕುಳಿತರೆ ಪ್ರಯೋಜನವಿಲ್ಲ.

ಶತ್ರು ನೀರೇ

ರಸ್ತೆ ಹಾಳಾಗಲು ವಾಹನಗಳೇ ಕಾರಣವೆಂದು ಬಹುತೇಕರು ನಂಬಿದ್ದಾರೆ. ಅದು ಅರ್ಧ ಸತ್ಯ. ಬಯಲು ಸೀಮೆಯ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಾಮಾನ್ಯವಾಗಿ ಒಪ್ಪುವ ಏರು 30 ಅಡಿಗೆ ಒಂದು ಅಡಿ. ಅನಿವಾರ್ಯವಾದಲ್ಲಿ 15 ಅಡಿಗೆ ಒಂದು ಅಡಿ. ಖಾಸಗಿ ಬಡಾವಣೆಯ ಓಣಿಗಳಿಗೆ ಈ ಲೆಕ್ಕ ಇಟ್ಟವರಾರು? ಇಳಿಜಾರು ಹೆಚ್ಚಿದಂತೆ ನೀರಿನ ವೇಗವೂ ಹೆಚ್ಚುತ್ತದೆ, ವೇಗ ಎರಡು ಪಟ್ಟಾದರೆ ಅದರ ತಳ್ಳುಬಲ ನಾಲ್ಕು ಪಟ್ಟಾಗುತ್ತದೆ. ಸಡಿಲವಾದ ಕೆಂಪು ಮಣ್ಣು ಅದಕ್ಕೆ ತಡೆಯೊಡ್ಡಲಾರದು.

ನೀರು ಆಕಾಶದಿಂದ ರಸ್ತೆಯ ಮೇಲೆ ನೇರವಾಗಿ ಬಿದ್ದದ್ದಷ್ಟೇ ಅಲ್ಲ. ಸಾವಿರ ಚದರಡಿಯ ತಾರಸಿಯೊಂದರ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ಸುಮಾರು 4,600 ಲೀಟರ್ ನೀರು. ಹತ್ತು ಮನೆಗಳ ತಾರಸಿ ಕೊಳವೆಗಳೂ ರಸ್ತೆಗೇ ಬಾಯಿ ತೆರೆದಿದ್ದರೆ 46 ಸಾವಿರ ಲೀಟರ್ ಒಂದೇ ದಾರಿಯಲ್ಲಿ ಧುಮುಕುತ್ತದೆ. ಮಳೆನೀರು ಕೊಯ್ಲನ್ನು ಜಲಮಂಡಳಿ 2009ರಲ್ಲೇ ಕಡ್ಡಾಯಗೊಳಿಸಿದಾಗ ಹೊಸ ಕಟ್ಟಡಗಳಲ್ಲಿ 30x40 ನಿವೇಶನಕ್ಕಿಂತ ಚಿಕ್ಕವು ಅದರಿಂದ ಹೊರಗುಳಿದಿದ್ದವು. ಇಂಥ ಓಣಿಗಳಲ್ಲಿ ದುರಸ್ತಿಯ ಮೊದಲ ಕೆಲಸ ರಸ್ತೆಯದ್ದಲ್ಲ, ತಾರಸಿಯ ಕೊಳವೆಗಳದ್ದು. ಆ ನೀರನ್ನು ಸಂಪಿಗೋ ಇಂಗುಗುಂಡಿಗೋ ತಿರುಗಿಸಬೇಕು.

ಕಟ್ಟಡ ಒಡೆದ ಡೆಬ್ರಿಸ್ ತಂದು ಕೊರಕಲಿಗೆ ಸುರಿಯುವುದು ನಗರದ ರೂಢಿ. ಅಗ್ಗವೇನೋ ಹೌದು, ಆದರೆ ಮುಂದಿನ ದೊಡ್ಡ ಮಳೆಗೆ ಅದೆಲ್ಲ ಕೆಳಮನೆಯ ಗೇಟಿನ ಮುಂದೆ ಬಂದು ನಿಲ್ಲುತ್ತದೆ. ತಗ್ಗನ್ನು ಅಗೆದು ಶುಚಿಗೊಳಿಸಿ, ಜಲ್ಲಿ ಮತ್ತು ಗ್ರಾವೆಲ್ ಮಣ್ಣನ್ನು ಪದರ ಪದರವಾಗಿ ಹಾಕಿ ರೋಲರ್‌ನಿಂದ ಗಟ್ಟಿ ಮಾಡಬೇಕು. ರಸ್ತೆಗೆ ಒಂದು ಬದಿಗೆ ಓಲು ಕೊಟ್ಟು ಆ ಬದಿಯಲ್ಲಿ ಚರಂಡಿ ತೆಗೆಯಬೇಕು; ನಡುನಡುವೆ ಅಡ್ಡಗಾಲುವೆ ಇದ್ದರೆ ನೀರು ಉದ್ದಕ್ಕೂ ಓಡಿ ವೇಗ ಪಡೆಯಲಾರದು. ಆ ಚರಂಡಿಯ ನೀರು ಕೊನೆಗೆ ಮಳೆನೀರು ಕಾಲುವೆಗೆ ಸೇರಬೇಕೇ ಹೊರತು ಯಾರದೋ ಕಾಂಪೌಂಡಿನ ಬುಡಕ್ಕಲ್ಲ.

ಕಡಿದಾದ ಏರಿಗೆ ಕಾಂಕ್ರೀಟೇ ಸೂಕ್ತ. ಡಾಂಬರಿನ ಅಂಚುಗಳನ್ನು ನೀರು ಬೇಗ ಕೊರೆಯುತ್ತದೆ. ಇಂಟರ್‌ಲಾಕ್ ಇಟ್ಟಿಗೆಗಳು ಕೆಳತುದಿಯಲ್ಲಿ ಗಟ್ಟಿ ತಡೆಯಿಲ್ಲದಿದ್ದರೆ ಜಾರತೊಡಗುತ್ತವೆ. 200 ಅಡಿ ಉದ್ದ, 12 ಅಡಿ ಅಗಲದ ರಸ್ತೆಗೆ ಆರು ಇಂಚು ದಪ್ಪದ ಕಾಂಕ್ರೀಟ್ ಎಂದರೆ 1,200 ಘನ ಅಡಿ, ಸುಮಾರು 34 ಘನ ಮೀಟರ್. ಕೆಲಸವನ್ನು ಕೆಳಗಿನಿಂದ ಮೇಲಕ್ಕೆ ನಡೆಸಬೇಕು, ಮಿಶ್ರಣ ಹೆಚ್ಚು ತೆಳುವಾಗಿರಬಾರದು, ಮೇಲ್ಮೈಗೆ ಅಡ್ಡಗೀರು ಎಳೆಯಬೇಕು; ಇಲ್ಲವಾದರೆ ಒದ್ದೆಯಲ್ಲಿ ಸ್ಕೂಟರ್ ನಿಲ್ಲದು. ನೀರು ಮತ್ತು ಒಳಚರಂಡಿ ಕೊಳವೆಗಳು ಇದಕ್ಕೆ ಮೊದಲೇ ನೆಲದಡಿ ಸೇರಿರಬೇಕು. ಹೊಸ ಕಾಂಕ್ರೀಟನ್ನು ಕತ್ತರಿಸಿ ಕೊಳವೆ ಹೂಳುವ ದೃಶ್ಯ ಬೆಂಗಳೂರಿಗರಿಗೆ ಹೊಸದೇನಲ್ಲ.

ಪಾಲು ಎಷ್ಟು?

ಜಗಳ ಬಹುತೇಕ ಇಲ್ಲಿಯೇ ಹುಟ್ಟುವುದು. ಕೆಳಗಿನ ಮನೆಯವರು ‘ನಾವು ಏರು ಹತ್ತುವುದೇ ಇಲ್ಲ’ ಎನ್ನುತ್ತಾರೆ. ಮೇಲಿನವರು ‘ಕೊಚ್ಚಿದ ಮಣ್ಣು ನಿಮ್ಮ ಮನೆಗೇ ಬರುತ್ತದಲ್ಲವೇ’ ಎಂದು ತಿರುಗಿ ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಸಮಪಾಲು ಲೆಕ್ಕಕ್ಕೆ ಸುಲಭ, ಆದರೆ ಚರಂಡಿಯ ಖರ್ಚನ್ನು ಎಲ್ಲರೂ ಸಮನಾಗಿ, ಕಾಂಕ್ರೀಟಿನದನ್ನು ಬಳಸುವ ಉದ್ದಕ್ಕೆ ತಕ್ಕಂತೆ ಹಂಚಿಕೊಳ್ಳುವುದು ಹೆಚ್ಚು ನ್ಯಾಯಯುತ. ಬಾಡಿಗೆದಾರರಲ್ಲ, ಮನೆಯ ಮಾಲೀಕರೇ ಸಹಿ ಹಾಕಬೇಕು. ಛಾಪಾ ಕಾಗದದಲ್ಲಿ ಮೊತ್ತ, ಕಂತು, ಗುತ್ತಿಗೆದಾರನಿಗೆ ಹಣ ಕೊಡುವ ಹಂತಗಳು, ಮುಂದಿನ ವರ್ಷಗಳ ಚರಂಡಿ ಶುಚಿಯ ಹೊಣೆ ಎಲ್ಲವನ್ನೂ ಬರೆದಿಟ್ಟರೆ ಮನೆ ಮಾರಾಟವಾದಾಗ ಹೊಸದಾಗಿ ಬಂದವರಿಗೂ ತೋರಿಸಲು ಕಾಗದವಿರುತ್ತದೆ. ರಸ್ತೆಯ ಒಡೆತನ ನಿವಾಸಿಗಳದ್ದೇ ಆಗಿದ್ದಲ್ಲಿ ಅದನ್ನು ಪರಿತ್ಯಾಗ ಪತ್ರದ ಮೂಲಕ ಪಾಲಿಕೆಗೆ ಬಿಟ್ಟುಕೊಡುವ ಬಗ್ಗೆ ವಕೀಲರೊಂದಿಗೆ ಸಮಾಲೋಚಿಸಬಹುದು.

ಕೆಲಸಕ್ಕೆ ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳು ಅನುಕೂಲ. ಏಪ್ರಿಲ್ ಬಂದರೆ ಸಂಜೆ ಮಳೆಯ ಭಯ. ಕಾಂಕ್ರೀಟಿಗೆ ಒದ್ದೆ ಗೋಣಿಚೀಲ ಹೊದಿಸಿ ಎರಡು ವಾರ ನೀರುಣಿಸಬೇಕು, ಟ್ಯಾಂಕರಿನಂತಹ ಭಾರದ ವಾಹನಗಳನ್ನು 28 ದಿನ ದೂರವಿಡಬೇಕು. ಅಷ್ಟು ದಿನ ವಾಹನಗಳನ್ನು ಎಲ್ಲಿ ನಿಲ್ಲಿಸುವುದು, ಮೇಲಿನ ಮನೆಗಳ ವೃದ್ಧರು ಹೇಗೆ ಓಡಾಡುವುದು, ಸಂಪಿಗೆ ನೀರು ಎಲ್ಲಿಂದ ಎಂಬುದನ್ನೂ ಮೊದಲ ಸಭೆಯಲ್ಲೇ ತೀರ್ಮಾನಿಸಿಕೊಳ್ಳಬೇಕಾಗುತ್ತದೆ.