ಕಾಂಗರೂ ಚರ್ಮ: ತರಿಸುವ ಮುನ್ನ, ಹೆಣೆಯುವ ಮುನ್ನ

ಬಾರುಕೋಲು ಕಂಡ ನಮಗೆ ಚರ್ಮದ ಬಾರು ಹೊಸದಲ್ಲ. ಆದರೂ ಹೆಣಿಗೆ ಹವ್ಯಾಸದವರು ಆಸ್ಟ್ರೇಲಿಯಾದಿಂದ ಕಾಂಗರೂ ಚರ್ಮವನ್ನೇ ಯಾಕೆ ತರಿಸ್ತಾರೆ? ಕಾರಣ ಅದರ ನಾರು. ಹಸುವಿನ ಚರ್ಮದಲ್ಲಿ ನಾರುಗಳು ಅಡ್ಡಾದಿಡ್ಡಿ ಇರುತ್ತವೆ. ತೆಳುವಾಗಿ ಸೀಳಿದರೆ ಬಲ ಹೋಗುತ್ತದೆ. ಕಾಂಗರೂ ಚರ್ಮದಲ್ಲಿ ಅವು ಮೇಲ್ಮೈಗೆ ಸಮಾನಾಂತರವಾಗಿರುವುದರಿಂದ ತೆಳುವಾದರೂ ಗಟ್ಟಿ.

ದುಡ್ಡು ಕಟ್ಟುವ ಮೊದಲು ನೀವಿರುವ ಕಡೆಯ ಕಾನೂನು ನೋಡಿ. ಕ್ಯಾಲಿಫೋರ್ನಿಯಾದಲ್ಲಿ 2016ರಿಂದ ಇದನ್ನು ವ್ಯಾಪಾರಕ್ಕೆ ಆಮದು ಮಾಡುವುದು, ಮಾರುವುದು ಅಪರಾಧ. ರಾಜ್ಯೋತ್ಸವದ ಸ್ಟಾಲ್‌ನಲ್ಲಿ ಕೀಚೈನ್ ಇಟ್ಟು ಮಾರಿದರೂ ಅದು ಮಾರಾಟವೇ! ಬೇರೆ ರಾಜ್ಯದ ಗೆಳೆಯರು ಮಾರ್ತಾರೆ ಅನ್ನೋದು ಸಬೂಬಲ್ಲ.

ಕಲಿಕೆ ದುಬಾರಿ ಚರ್ಮದಲ್ಲಿ ಬೇಡ. ನಾಲ್ಕು ಬಣ್ಣದ ಅಗ್ಗದ ದಾರ ಸಾಕು. ಜಡೆಗೆ ಮೂರು ಎಳೆ, ದುಂಡು ಹೆಣಿಗೆಗೆ ನಾಲ್ಕು. ಎಡತುದಿಯ ಎಳೆಯನ್ನು ಪಕ್ಕದ ಎರಡರ ಹಿಂದಿನಿಂದ ತಂದು, ಎರಡನೆಯದರ ಮೇಲೆ ಹಾಯಿಸಿ ಎಡಕ್ಕೇ ಮರಳಿಸಿ. ಆಮೇಲೆ ಬಲತುದಿಯದನ್ನು ಹೀಗೇ ಬಲಕ್ಕೆ. ಪ್ರತಿ ಸಲ ಒಂದೇ ಬಿಗಿಯಲ್ಲಿ ಎಳೆಯಿರಿ.

ಕೈ ಕೂತ ಮೇಲೆ ಚರ್ಮ. ಎಳೆಗಳನ್ನು ಹೆಣೆಯುವ ಮೊದಲೇ ಜಗ್ಗಿ ಹಿಗ್ಗಿಸಿ. ಇಲ್ಲದಿದ್ದರೆ ಆಮೇಲೆ ಹಿಗ್ಗಿ ಹೆಣಿಗೆ ಸಡಿಲಾಗುತ್ತದೆ. ಒಂದು ಅಡಿ ಹೆಣಿಗೆಗೆ ಒಂದೂವರೆ ಅಡಿ ಎಳೆ ಇಟ್ಟುಕೊಳ್ಳಿ. ಮುಗಿದದ್ದನ್ನು ಹಲಗೆಯಡಿ ಉರುಳಿಸಿದರೆ ನಯವಾಗಿ ದುಂಡಾಗುತ್ತದೆ.